ಟಿಣ್ ಎನ್ನದ ಟವಲು

ಚಿನ್ನಮನೂರಿನ ಬಸ್‌ಸ್ಟ್ಯಾಂಡು ದಾಟಿ ಕಂಬಂ ಕಡೆಗೆ ಸ್ವಲ್ಪ ನಡೆದರೆ, ಬೈಕುಗಳನ್ನು ಮಾರುವ, ಮಾರಿದ್ದನ್ನು ರಿಪೇರಿಯೂ ಮಾಡಿಕೊಡುವ ಒಂದು ಷೋರೂಮ್ ಸಿಗುತ್ತದೆ. ಅದರ ಗಾಜಿನ ಬಾಗಿಲು ತಳ್ಳಿದ ಕೂಡಲೇ ಎದುರಾಗುವ ಮೊದಲ ಮುಖ ಧನಪಾಲನದು. ಗಾಡಿ ತಂದವರ ದೂರು ಕೇಳುವುದು, ಅದನ್ನು ಕಂಪ್ಯೂಟರಿಗೆ ತುಂಬುವುದು, "ಸಾಯಂಗಾಲ ರೆಡಿ ಆಯ್ಡುಂ ಸರ್" ಎಂದು ನಗುವುದು, ಸಾಯಂಕಾಲ ರೆಡಿಯಾಗದಿದ್ದಾಗ ಬೈಸಿಕೊಳ್ಳುವುದು, ಇಷ್ಟು ಅವನ ಕೆಲಸ. ಮೊದಲ ಮೂರಕ್ಕೆ ಸಂಬಳ ಬರುತ್ತಿತ್ತು. ನಾಲ್ಕನೆಯದನ್ನು ಅವನು ಸಮಾಜಸೇವೆ ಎಂದು ಮಾಡುತ್ತಿದ್ದ.

ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಸೇರಿದ್ದು ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿಯುವ ಆಸೆಯಿಂದ. ಆದರೆ ಸೇರಿದ ದಿನ ಕೌಂಟರಿನವರು ತೊಡುವ ಬಿಳಿ ಟೀ ಶರ್ಟು ಒಂದೇ ಒಂದು ಮಿಕ್ಕಿತ್ತು, ಅದು ಅವನ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅಲ್ಲಿಗೆ ಅವನು ಕೌಂಟರಿನವನಾದ. ತನ್ನ ಬುದ್ಧಿಗಿಂತ ತನ್ನ ಭುಜದ ಅಳತೆಗೇ ಲೋಕದಲ್ಲಿ ಬೆಲೆ ಹೆಚ್ಚು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅವನ ಅಮ್ಮನಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ನನ್ ಮಗ ಏಸಿ ಒಳಗೆ ಕೂತ್ಕಂಡು ಗಾಡಿ ರಿಪೇರಿ ಮಾಡ್ತಾನೆ, ಕೈಗೆ ಒಂದು ತೊಟ್ಟು ಎಣ್ಣೆ ಅಂಟಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಅಂಟದಿದ್ದ ಆ ಎಣ್ಣೆಗಾಗಿಯೇ ಅವನ ಕೈ ತುರಿಸುತ್ತಿತ್ತು. ಗಾಡಿ ಗೇಟಿನೊಳಗೆ ಬರುವಾಗಲೇ ಚೈನು ಸಡಿಲವಾಗಿದೆ, ಹಿಂದಿನ ಬ್ರೇಕು ಸವೆದಿದೆ ಎಂದು ಕಿವಿಗೆ ತಿಳಿಯುತ್ತಿತ್ತು, ಮುಟ್ಟುವ ಹಾಗಿಲ್ಲ. ಸಕ್ಕರೆ ಕಾಯಿಲೆಯವನನ್ನು ಮಿಠಾಯಿ ಅಂಗಡಿಯ ಗಲ್ಲಾದಲ್ಲಿ ಕೂರಿಸಿದ ಹಾಗೆ. ವಾರವಿಡೀ ತಡೆದುಕೊಂಡ ತುರಿಕೆಯನ್ನು ಅವನು ಮನೆಗೆ ಬಂದು ಮೀನಿನ ರೀಲುಗಳ ಮೇಲೆ ತೀರಿಸಿಕೊಳ್ಳುತ್ತಿದ್ದ.

ರೀಲು ಎಂದರೆ ಗಾಳದ ಕೋಲಿಗೆ ಕಟ್ಟುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ. ಹ್ಯಾಂಡಲು ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತದೆ. ಮೀನು ಜೋರಾಗಿ ಎಳೆದರೆ ದಾರ ಕಡಿಯದಂತೆ ಅಷ್ಟಷ್ಟೇ ಬಿಟ್ಟುಕೊಡುತ್ತದೆ. ಹೊರಗಿನಿಂದ ನೋಡಿದರೆ ಇಷ್ಟೇ. ಒಳಗೆ ಹಲ್ಲಿನ ಚಕ್ರ, ಬೇರಿಂಗು, ಸ್ಪ್ರಿಂಗು, ಕಾಗದದಷ್ಟು ತೆಳ್ಳನೆಯ ವಾಷರು, ಹೀಗೆ ಒಂದು ಪುಟ್ಟ ವರ್ಕ್‌ಶಾಪೇ ಇದೆ. ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಡ.

ಈ ಹುಚ್ಚು ಹಿಡಿಸಿದವಳು ಅವನ ಸೋದರತ್ತೆ ಚೆಲ್ಲಮ್ಮಾಳ್. ಬಸ್‌ಸ್ಟ್ಯಾಂಡಿನ ಹಿಂದೆ ಪಣಿಯಾರದ, ಅಂದರೆ ಪಡ್ಡಿನ, ಅಂಗಡಿ ಇಟ್ಟುಕೊಂಡ ಈಕೆ ವಾರಕ್ಕೆ ಆರು ದಿನ ಊರಿಗೆ ತಿಂಡಿ ಹಾಕಿ, ಭಾನುವಾರ ಮೀನಿಗೆ ಹಾಕಲು ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಪೆರಿಯಾರ್ ಕಾಲುವೆಯಲ್ಲಿ ಬಿದಿರು ಕಡ್ಡಿ ಹಿಡಿದು ಕೂತವಳು, ವಯಸ್ಸಾದ ಮೇಲೆ ರೀಲಿಗೆ ಬಡ್ತಿ ಪಡೆದಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಗಾಳ ಬೀಸಿದರೆ ದಂಡೆಯ ಗಂಡಸರು ತಲೆ ತಗ್ಗಿಸುತ್ತಿದ್ದರು, ಗೌರವಕ್ಕೆ ಸ್ವಲ್ಪ, ಕೊಕ್ಕೆಗೆ ಹೆದರಿ ಉಳಿದಷ್ಟು.

ಅವರದು ನೂರಾರು ವರ್ಷಗಳ ಹಿಂದೆ ಇತ್ತ ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಅತ್ತೆಯ ಬಾಯಲ್ಲಿ ಆ ಹಳೆಯ ಕನ್ನಡ ಇನ್ನೂ ಗಟ್ಟಿಯಾಗಿತ್ತು. ಧನಪಾಲನದು ಮೂರು ಪಾಲು: ಬೈಯುವುದು ತಮಿಳಿನಲ್ಲಿ, ಬೇಡಿಕೊಳ್ಳುವುದು ಕನ್ನಡದಲ್ಲಿ, ರೀಲಿನ ಭಾಗಗಳಿಗೆ ಇಂಗ್ಲಿಷು. ರೀಲು ಕೆಟ್ಟಾಗ ಮೂರೂ ಒಟ್ಟಿಗೆ ಬರುತ್ತಿದ್ದವು.

ಭಾನುವಾರದ ಆ ಗುಂಪಿನಲ್ಲಿ ಇವರಿಬ್ಬರಲ್ಲದೆ ಇನ್ನಿಬ್ಬರಿದ್ದರು. ಒಬ್ಬ ಸೇಕರ್, ಧನಪಾಲನ ಷೋರೂಮಿನ ವರ್ಕ್‌ಶಾಪಿಗೆ ಹೆಡ್ಡು, ಅವನೂ ಇದೇ ಕನ್ನಡದ ಜನ. ಇನ್ನೊಬ್ಬ ಮೋಹನ್‌ರಾಜ್, ಮೊಬೈಲ್ ಅಂಗಡಿಯವನು. ರೀಲು ಕಿರ್ ಎಂದರೆ ಎಣ್ಣೆ ಹಾಕುವ ಬದಲು ಹೊಸ ರೀಲನ್ನೇ ತರಿಸುವವನು. ಉಳಿದವರು ಅವನ ಮನೆಯನ್ನು ರೀಲುಗಳ ಅನಾಥಾಶ್ರಮ ಎನ್ನುತ್ತಿದ್ದರು.

ಗುಂಪಿಗೆ ಒಂದು ಕಾನೂನಿತ್ತು. ಕೆರೆಯಲ್ಲಿ ಯಾರ ರೀಲು ಕೆಟ್ಟು ನಿಲ್ಲುತ್ತದೋ ಅವರು ಅದನ್ನು ಮನೆಗೆ ಹೊತ್ತುಕೊಂಡು ಹೋಗಬಾರದು. ದಂಡೆಯ ಮೇಲೆ ಟವಲು ಹಾಸಿ, ಎಲ್ಲರ ಕಣ್ಣೆದುರು ತಾವೇ ಬಿಚ್ಚಿ ಸರಿಮಾಡಬೇಕು. ಕೇಳದೆ ಯಾರೂ ಕೈ ಹಾಕಬಾರದು. ಬಾಯಿ ಎಷ್ಟು ಬೇಕಾದರೂ ಹಾಕಬಹುದು. ಜೋಡಿಸಿಯಾದ ಮೇಲೆ ಚೆಲ್ಲಮ್ಮಾಳ್ ಆ ಟವಲನ್ನು ಎತ್ತಿ ತನ್ನ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಕೊಡವುತ್ತಾಳೆ. ಏನೂ ಬೀಳದಿದ್ದರೆ ಪಾಸು. ಟಿಣ್ ಎಂದರೆ ಒಳಗಿರಬೇಕಾದ ಏನೋ ಒಂದು ಹೊರಗುಳಿದಿದೆ ಎಂದರ್ಥ.

ಧನಪಾಲನ ಟವಲು ಯಾವತ್ತೂ ಟಿಣ್ ಎನ್ನುತ್ತಿತ್ತು.

ಒಮ್ಮೆ ವಾಷರು, ಒಮ್ಮೆ ಅದಕ್ಕಿಂತ ತೆಳ್ಳನೆಯ ವಾಷರು, ಒಮ್ಮೆ ಯಾವ ರೀಲಿನದೆಂದು ಇಂದಿಗೂ ಪತ್ತೆಯಾಗದ ಒಂದು ಸ್ಕ್ರೂ. ಹೀಗೆ ಅವನಿಗೆ 'ಮಿಚ್ಚಂ ಧನಾ' ಎಂದು ಹೆಸರು ಬಿತ್ತು. ಮಿಚ್ಚಂ ಎಂದರೆ ಮಿಕ್ಕಿದ್ದು. ಅವನ ಒಂದು ಹಳೆಯ ವಿಕ್ಸ್ ಡಬ್ಬಿ ಈ ಮಿಕ್ಕವುಗಳಿಂದಲೇ ತುಂಬಿತ್ತು, ಅತ್ತೆ ಅದನ್ನು ಗಿಲಕಿಯಂತೆ ಅಲ್ಲಾಡಿಸಿ ಹೇಳುತ್ತಿದ್ದಳು, "ನಂಗೆ ಹೆಣ್ಣು ಮಗು ಹುಟ್ಟಲಿಲ್ಲ, ಒಳ್ಳೇದೇ ಆಯ್ತು. ಹುಟ್ಟಿದ್ರೆ ವರಸೆ ಪ್ರಕಾರ ನಿಂಗೇ ಕೊಡಬೇಕಾಗಿತ್ತು. ನೀನು ತಾಳಿ ಕಟ್ಟುವಾಗ ಮೂರು ಗಂಟಲ್ಲಿ ಒಂದು ಗಂಟು ಮಿಚ್ಚಂ ಇಡ್ತಿದ್ದೆ."

ಸೋತರೂ ಅವನು ಸುಮ್ಮನಿರುವವನಲ್ಲ. ದಾರ ಹಿಡಿಯುವ ತಂತಿಯ ಸ್ಪ್ರಿಂಗು ಮುರಿದಾಗ ದಿಂಡುಕ್ಕಲ್ಲಿಗೆ ಬಸ್ಸು ಹತ್ತಿ, ಬೀಗ ಮಾಡುವವರ ಬೀದಿಯಲ್ಲಿ ಅಲೆದು, ಬೀಗದೊಳಗಿನ ಸ್ಪ್ರಿಂಗೊಂದನ್ನು ಕೇಳಿ ತಂದು ಹಾಕಿದ್ದ. ಅದು ಕೂತದ್ದೇನೋ ಸೊಗಸಾಗಿ ಕೂತಿತು. ಆದರೆ ಬೀಗದ ಸ್ಪ್ರಿಂಗು ಬೀಗದ ಬುದ್ಧಿ ಬಿಡಲಿಲ್ಲ. ಮುಂದಿನ ಭಾನುವಾರ ಅವನು ಗಾಳ ಬೀಸುತ್ತಿದ್ದಂತೆಯೇ ತಂತಿ ಟಪ್ಪೆಂದು ಮುಚ್ಚಿಕೊಂಡು, ದಾರ ಅರ್ಧದಲ್ಲೇ ಕಡಿದು, ಮೀನಿಗೆ ಆಮಿಷವೆಂದು ಕಟ್ಟಿದ್ದ ಹೊಸ ರಬ್ಬರ್ ಕಪ್ಪೆ ಒಂಟಿಯಾಗಿ ಕೆರೆಯ ನಡುವಿನವರೆಗೆ ಹಾರಿಹೋಗಿತ್ತು. "ಕೆರೆಗೆ ಬೀಗ ಹಾಕಿ ಬಂದ್ಯಾ?" ಎಂದಿದ್ದ ಮೋಹನ್‌ರಾಜ್.

ಆ ವರ್ಷ ಪೊಂಗಲ್ ಮುಗಿದ ಮೇಲೆ ಒಂದು ಸುದ್ದಿ ಬಂತು. ವರ್ಕ್‌ಶಾಪಿನ ಮೆಕ್ಯಾನಿಕ್ ಒಬ್ಬನನ್ನು ಬತ್ತಲಗುಂಡಿನ ಶಾಖೆಗೆ ಕಳಿಸುತ್ತಾರಂತೆ. ಅಂದರೆ ಇಲ್ಲಿ ಒಂದು ಬೆಂಚು ಖಾಲಿ. ಧನಪಾಲ್ ಊಟದ ಹೊತ್ತಿಗೆ ಸೇಕರ್ ಮುಂದೆ ನಿಂತ.

"ಸೇಕರಣ್ಣಾ, ಆ ಬೆಂಚು ನಂಗೆ ಕೊಡ್ರಣ್ಣಾ."

ಸೇಕರ್ ಬಾಯಲ್ಲಿದ್ದ ಮೊಸರನ್ನದ ತುತ್ತು ನುಂಗಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಿಳೀ ಶರ್ಟು ಬಿಟ್ಟು ಕರೀ ಗ್ರೀಸಿಗೆ ಬರ್ತೀನಿ ಅಂತೀಯಾ? ಎಲ್ರೂ ಇಲ್ಲಿಂದ ಅಲ್ಲಿಗೆ ಹೋಗಕ್ಕೆ ಸಾಯ್ತಾರೆ, ನೀನು ತಿರುಗಿಸಿ ಬರ್ತೀಯಲ್ಲೋ."

"ನಂಗೆ ಬರುತ್ತೆ ಅಣ್ಣಾ ಕೆಲಸ."

"ಬರುತ್ತೆ. ಬಂದು, ಮುಗ್ದು, ಮಿಚ್ಚಾನೂ ಆಗುತ್ತೆ. ರೀಲಲ್ಲಿ ವಾಷರ್ ಬಿಟ್ರೆ ಮೀನು ಹೋಗುತ್ತೆ. ಬ್ರೇಕಲ್ಲಿ ಬಿಟ್ರೆ?" ಸೇಕರ್ ನಗುತ್ತಿರಲಿಲ್ಲ. ಇನ್ನೊಂದು ತುತ್ತು ಕಲಸುತ್ತ ಹೇಳಿದ: "ಸರಿ. ಈ ಭಾನುವಾರ ಅಳಗರ್ ಕೆರೆಗೆ ಹೋಗ್ತೀವಲ್ಲ. ನಿನ್ ಕೈಯಾರೆ ಸರ್ವೀಸ್ ಮಾಡಿದ ರೀಲು ಒಂದು ವಿರಾಲ್ ಮೀನನ್ನ ದಂಡೆಗೆ ತರಲಿ. ನಡುವೆ ನಿಂತ್ರೆ ಟವಲ್ ಹಾಸು, ಪರವಾಯಿಲ್ಲೆ. ಆದ್ರೆ ಟವಲ್ ಟಿಣ್ ಅನ್ನಬಾರದು. ಟಿಣ್ ಅಂದ್ರೆ, ಸಾಯಂಗಾಲ ರೆಡಿ ಆಯ್ಡುಂ ಸರ್ ಅಂತ ಅಲ್ಲೇ ಕೂತಿರು."

ವಿರಾಲ್ ಎಂದರೆ ಕೊರವ ಮೀನು. ಹಾವಿನ ತಲೆ, ಜಟ್ಟಿಯ ಮೈ, ಜೊಂಡಿನೊಳಗೆ ವಾಸ. ತೇವಾರದ ಹತ್ತಿರ, ಬೆಟ್ಟದ ಬುಡದಲ್ಲಿ ಅಳಗರ್ ಗುತ್ತಿಗೆ ಹಿಡಿದ ಕೆರೆಯಲ್ಲಿ ಅವು ದಂಡಿಯಾಗಿದ್ದವು. ವರ್ಷಕ್ಕೊಂದು ಸಲ, ನೀರು ತಗ್ಗಿ ಬಲೆ ಎಳೆಯುವ ದಿನ, ಅಳಗರ್ ಇವರನ್ನು ಬೆಳಗಿನ ಜಾವ ಒಳಗೆ ಬಿಡುತ್ತಿದ್ದ. ಗಡಿಯಾರದ ಲೆಕ್ಕವಿಲ್ಲ. ಆ ಕಣಿವೆಯಲ್ಲಿ ಸೂರ್ಯ ಮೇಘಮಲೆಯ ಹಿಂದಿನಿಂದ ಏಳುವುದು ನಿಧಾನ. ಬಿಸಿಲು ಮೊದಲು ಪಡುವಣ ಬೆಟ್ಟಗಳ ನೆತ್ತಿಗೆ ಬಿದ್ದು, ಮೆಲ್ಲಗೆ ಇಳಿಯುತ್ತ, ತೆಂಗಿನ ತೋಪು ದಾಟಿ, ಕೊನೆಗೆ ಕೆರೆಯ ತೂಬಿನ ಕಲ್ಲಿಗೆ ಬರುತ್ತದೆ. ತೂಬಿಗೆ ಬಿಸಿಲು ಬಂದರೆ ಬಲೆ ಇಳಿಯಿತು, ಕೋಲುಗಳು ಮಡಚಿದವು. ಅದು ಅಳಗರ್ ಹಾಕಿದ ಕರಾರು.

ಶನಿವಾರ ಕೆಲಸದಿಂದ ಬಂದವನೇ ಧನಪಾಲ್ ಅಡುಗೆಮನೆಯಲ್ಲಿ ಒಲೆಯ ಪಕ್ಕ, ಇನ್ನೂ ಒಮ್ಮೆಯೂ ಬಿಚ್ಚದಿದ್ದ ರೀಲೊಂದನ್ನು ಬಿಚ್ಚಿ ಕೂತ. ಅವನ ಪ್ರೀತಿಯೆಲ್ಲ ಗ್ರೀಸಿನ ರೂಪದಲ್ಲಿ ಹರಿಯುತ್ತಿತ್ತು. ವರ್ಕ್‌ಶಾಪಿನಲ್ಲಿ ಬೈಕಿನ ಚಕ್ರದ ಬೇರಿಂಗಿಗೆ ಬಳಿಯುವ ಆ ದಪ್ಪ ಗ್ರೀಸನ್ನು ಒಂದು ಡಬ್ಬಿಯಲ್ಲಿ ತಂದಿದ್ದ. ಬಾಣಂತಿಗೆ ಎಣ್ಣೆ ಹಚ್ಚುವ ಹಾಗೆ ಒಂದೊಂದು ಭಾಗಕ್ಕೂ ಬಳಿದ. ಎಲ್ಲ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಇನ್ನೊಂದಿಷ್ಟಿತ್ತು. ಒಂದು ಬೇರಿಂಗು ಒಣಗಿದಂತೆ ಕಂಡಿತು. ಹ್ಯಾಂಡಲು ಮುಂದಕ್ಕೆ ಮಾತ್ರ ತಿರುಗುವಂತೆ, ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗು ಅದು. ಗುಂಪಿನವರು ಅದನ್ನು ಒನ್‌ವೇ ಎನ್ನುತ್ತಿದ್ದರು. ಪಾಪ, ಇದೊಂದಕ್ಕೆ ಯಾಕೆ ಮೋಸ ಎಂದು ಉಳಿದ ಗ್ರೀಸನ್ನೆಲ್ಲ ಅದರೊಳಗೆ ತುಂಬಿದ. ಜೋಡಿಸಿದ. ಟವಲು ಕೊಡವಿದ. ಟಿಣ್ ಎನ್ನಲಿಲ್ಲ.

ಅವನು ನಂಬಲಾಗದೆ ಇನ್ನೊಮ್ಮೆ ಕೊಡವಿದ. ಹ್ಯಾಂಡಲು ತಿರುಗಿಸಿದರೆ ಬೆಣ್ಣೆ. ಅಮ್ಮನನ್ನು ಕರೆದು ತೋರಿಸಿದ. "ಚೆಂದೈತೆ, ಒಲೆ ಮೇಲಿಂದ ಆ ಹಾಲು ಇಳ್ಸು" ಎಂದಳು ಅಮ್ಮ.

ಭಾನುವಾರ ಕೆರೆಯ ಮೇಲೆ ಮಂಜು ಹಾಸಿಕೊಂಡಿತ್ತು. ಪೊಂಗಲ್ ಕಳೆದ ತೈ ತಿಂಗಳ ಚಳಿಗೆ ಮೋಹನ್‌ರಾಜ್ ಮಂಗನ ಟೊಪ್ಪಿ ಹಾಕಿಕೊಂಡು ಬಂದಿದ್ದ. ಅವನ ಕೋಲಿನಲ್ಲಿ ಇನ್ನೂ ಪ್ಲಾಸ್ಟಿಕ್ ಬಿಡಿಸದ ಹೊಸ ರೀಲಿತ್ತು. ಅಳಗರ್ ತೂಬಿನ ಮೇಲೆ ಬೀಡಿ ಹಚ್ಚಿ ಕೂತಿದ್ದ, ಹಿಂದೆ ಬಲೆಯವರು ಕಂಬಳಿ ಹೊದ್ದು ಕಾಯುತ್ತಿದ್ದರು. ಚೆಲ್ಲಮ್ಮಾಳ್ ಬಂದವಳೇ ಡಬ್ಬಿಯಿಂದ ಬಿಸಿ ಪಣಿಯಾರ ಹಂಚಿದಳು.

"ಏನ್ಡಾ ಧನಾ, ಇವತ್ತು ಬೆಂಚಾ, ಕೌಂಟರಾ?"

"ಬೆಂಚೇ ಅತ್ತೆ. ನಿನ್ನೆ ಟವಲು ಎರಡು ಸಲ ಕೊಡವ್ದೆ. ಮಿಚ್ಚಂ ಇಲ್ಲವೇ ಇಲ್ಲ."

"ಮನೇಲಿ ಕೊಡವಿದ್ದು ಲೆಕ್ಕಕ್ಕಿಲ್ಲ. ಕನ್ನಡಿ ಮುಂದೆ ಎಲ್ರೂ ಚೆಂದಾನೇ."

ಅವನು ಮೊದಲ ಬೀಸಿನಲ್ಲೇ ರಬ್ಬರ್ ಕಪ್ಪೆಯನ್ನು ಜೊಂಡಿನ ಅಂಚಿಗೆ ಹಾಕಿದ. ಎಲೆಗಳ ಮೇಲೆ ಅದನ್ನು ಕುಪ್ಪಳಿಸಿ ತಂದ. ಮೂರನೆಯ ಕುಪ್ಪಳಿಕೆಗೆ ನೀರು ಗುಳುಂ ಎಂದು ಬಾಯಿ ತೆರೆದು ಕಪ್ಪೆಯನ್ನು ಒಳಗೆಳೆದುಕೊಂಡಿತು. ಧನಪಾಲ್ ಕೋಲನ್ನು ಬಲವಾಗಿ ಹಿಂದಕ್ಕೆ ಜಗ್ಗಿದ. ಕೊಕ್ಕೆ ಕಚ್ಚಬೇಕಾದ ಆ ಗಳಿಗೆಯಲ್ಲಿ ಹ್ಯಾಂಡಲು ಗಿರ್ರನೆ ಹಿಂದಕ್ಕೆ ತಿರುಗಿ ಅವನ ಬೆರಳ ಗಿಣ್ಣುಗಳಿಗೆ ರಪರಪ ಬಾರಿಸಿತು. ದಾರ ಸಡಿಲವಾಯಿತು. ಮೀನು ಕಪ್ಪೆಯನ್ನು ಉಗುಳಿ, ಬಾಲದಿಂದ ಒಮ್ಮೆ ನೀರು ಬಡಿದು ಹೋಯಿತು.

ಬೆರಳು ಬಾಯಿಗಿಟ್ಟುಕೊಂಡೇ ಅವನು ಇನ್ನೊಂದು ಕೈಯಲ್ಲಿ ಹ್ಯಾಂಡಲನ್ನು ತಿರುಗಿಸಿ ನೋಡಿದ. ಮುಂದಕ್ಕೂ ಹೋಗುತ್ತಿತ್ತು, ಹಿಂದಕ್ಕೂ ಬರುತ್ತಿತ್ತು.

"ಒನ್‌ವೇ ರೋಡಲ್ಲಿ ಎದುರಿಂದ ಬಂದ್ಬಿಡ್ತು ಗಾಡಿ" ಎಂದ ಮೋಹನ್‌ರಾಜ್.

ಸೇಕರ್ ತನ್ನ ಕೋಲನ್ನು ನೆಲಕ್ಕೆ ಊರಿ ಪಡುವಣ ಬೆಟ್ಟದ ಕಡೆ ನೋಡಿದ. ನೆತ್ತಿಯ ಮೇಲೆ ಆಗಲೇ ಅರಿಸಿನದಂಥ ಬಿಸಿಲು. ಅವನು ಹೇಳಿದ್ದು ಒಂದೇ ಮಾತು: "ಟವಲ್."

ಧನಪಾಲ್ ಟವಲು ಹಾಸಿದ. ಅದರ ಮುಂದೆ ಕೂತಾಗ ಅವನಿಗೆ ಅನ್ನಿಸಿದ್ದು ಹೀಗೆ: ನಾಳೆ ಬೆಳಿಗ್ಗೆ ಆ ಬಿಳಿ ಶರ್ಟನ್ನು ಇಸ್ತ್ರಿ ಮಾಡಬೇಕು, ಕಾಲರು ಸ್ವಲ್ಪ ಸವೆದಿದೆ, ಹೊಸದು ಕೊಟ್ಟರೆ ಅದೂ ಸರಿಯಾಗಿಯೇ ಕೂರುತ್ತದೆ, ನಿವೃತ್ತಿಯವರೆಗೂ ಕೂರುತ್ತದೆ. ಈ ಯೋಚನೆಗೆ ಹೆದರಿಯೇ ಅವನ ಕೈ ಚುರುಕಾಯಿತು.

ಪುಟ್ಟ ಸ್ಕ್ರೂ ತೆಗೆದು ದಾರದ ಉರುಳೆ ಕಳಚಿದ, ಅದರ ಕೆಳಗಿನ ನಟ್ಟು ಬಿಚ್ಚಿದ, ಟೊಪ್ಪಿಯಂಥ ಭಾಗವನ್ನೆತ್ತಿ ಪಕ್ಕಕ್ಕಿಟ್ಟ. ಒನ್‌ವೇ ಬೇರಿಂಗು ಕಂಡಿತು. ಅಥವಾ ಕಾಣಲಿಲ್ಲ, ಕಂಡದ್ದು ಗ್ರೀಸು. ಒಳಗೆ ಸುತ್ತಲೂ ಅಕ್ಕಿಕಾಳಿನಷ್ಟು ಸಣ್ಣ ಉರುಳೆಗಳಿರುತ್ತವೆ. ಹ್ಯಾಂಡಲು ಹಿಂದಕ್ಕೆ ಹೊರಟರೆ ಅವು ಓಡಿಬಂದು ಸಂದಿಯಲ್ಲಿ ಸಿಕ್ಕಿಕೊಂಡು ತಡೆಯಬೇಕು. ನಿನ್ನೆ ಒಲೆಯ ಪಕ್ಕದ ಶಾಖಕ್ಕೆ ಬೆಣ್ಣೆಯಂತಿದ್ದ ಗ್ರೀಸು ಈ ಚಳಿಗೆ ಮೇಣವಾಗಿತ್ತು. ಉರುಳೆಗಳು ಅದರಲ್ಲಿ ಕೆಸರಿಗಿಳಿದ ಎಮ್ಮೆಗಳಂತೆ ಹಾಯಾಗಿ ಮಲಗಿದ್ದವು.

"ಅನ್ನಕ್ಕೆ ತುಪ್ಪ ಸುರಿಯೋ ಹಂಗೆ ಸುರ್ದಿದೀಯಲ್ಲೋ" ಎಂದಳು ಅತ್ತೆ, ಬಗ್ಗಿ ನೋಡಿ.

"ಪ್ರೀತಿ ಅತ್ತೆ."

"ಹಂಗಾದ್ರೆ ಮೀನಿಗೂ ನಿನ್ ಮೇಲೆ ಪ್ರೀತಿ. ಅದ್ಕೇ ಹೋಗ್ವಾಗ ಬಾಲ ಆಡಿಸ್ತು."

ಬಟ್ಟೆಯಿಂದ ಒರೆಸಿದ. ಹೊರಗಿನದು ಬಂತು, ಒಳಗಿನದು ಬರಲಿಲ್ಲ. ಬಿಸಿಲು ಬೆಟ್ಟದ ಸೊಂಟಕ್ಕಿಳಿದಿತ್ತು. ಅವನು ಎದ್ದು ತನ್ನ ಬೈಕಿನ ಹತ್ತಿರ ಓಡಿ, ಪೆಟ್ರೋಲಿನ ಪೈಪು ಕಿತ್ತು, ನೀರಿನ ಬಾಟಲಿ ಖಾಲಿ ಮಾಡಿ ಅದಕ್ಕೆ ಒಂದು ಬಟ್ಟಲಿನಷ್ಟು ಹಿಡಿದು ತಂದ. ತೂಬಿನ ಮೇಲಿನಿಂದ ಅಳಗರ್ ಇಳಿದು ಬಂದ, ಬೀಡಿ ಸಮೇತ.

"ಏಯ್, ಏನ್ಡಾ ಅದು, ಪೆಟ್ರೋಲಾ? ಒಂದು ತೊಟ್ಟು ಕೆರೇಗೆ ಬೀಳಲಿ, ನಿನ್ನನ್ನೇ ಗಾಳಕ್ಕೆ ಚುಚ್ಚಿ ಎಸೀತೀನಿ!"

"ಬೀಳಲ್ಲಣ್ಣಾ. ಮುಗಿದ ಮೇಲೆ ಬಾಟಲಿಗೇ ತಿರುಗಿಸಿ ಹಾಕ್ತೀನಿ. ನೀವು ದಯವಿಟ್ಟು ಆ ಬೀಡಿ ಜೊತೆಗೆ ಸ್ವಲ್ಪ ಆ ಕಡೆ..."

"ನನ್ ಕೆರೆ, ನನ್ ಬೀಡಿ!"

"ನನ್ ಮೂತಿ ಅಣ್ಣಾ, ಉರಿಯೋದು."

ಅಳಗರ್ ಗೊಣಗುತ್ತ ಬೀಡಿಯನ್ನು ಕಾಲಲ್ಲಿ ಹೊಸಕಿದ. ಆದರೆ ಅಲ್ಲೇ ನಿಂತ. ಮುಂದೇನಾಗುತ್ತದೆಂಬ ಕುತೂಹಲ ಅವನನ್ನೂ ಹಿಡಿದಿತ್ತು. ಕಂಬಳಿ ಹೊದ್ದ ಬಲೆಯವರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಕೌಂಟರಿನಲ್ಲೂ ಇಷ್ಟು ಜನ ಒಟ್ಟಿಗೆ ಅವನ ಮೇಲೆ ಬಗ್ಗಿ ನಿಂತದ್ದಿಲ್ಲ.

ಧನಪಾಲ್ ತಿಂಡಿಯ ಬಟ್ಟಲೊಂದಕ್ಕೆ ಪೆಟ್ರೋಲು ಸುರಿದು ಬೇರಿಂಗನ್ನು ಅದರಲ್ಲಿ ಅಲ್ಲಾಡಿಸಿದ. ಗ್ರೀಸು ಹೊಗೆಯಂತೆ ಬಿಟ್ಟುಕೊಂಡು ತಳಕ್ಕಿಳಿಯಿತು. ಉರುಳೆಗಳು ಒಂದೊಂದಾಗಿ ಎಚ್ಚರಗೊಂಡು ತಮ್ಮ ತಮ್ಮ ಗೂಡಿನಲ್ಲಿ ಅಲುಗಿದವು. ಬೇರಿಂಗಿನ ಜೊತೆಗೇ ಅದರ ಅಡಿಯ ವಾಷರನ್ನೂ ಅವನು ಅದ್ದಿದ್ದ. ಅದನ್ನೆತ್ತಲು ಬೆರಳು ಹಾಕಿದರೆ ಕೈಗೆ ಎರಡು ಬಂದವು.

ಅವನು ಎರಡನ್ನೂ ಬೆಳಕಿಗೆ ಹಿಡಿದ. ಒಂದು ದಪ್ಪನೆಯದು. ಇನ್ನೊಂದು, ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳನೆಯದು. ಇಷ್ಟು ದಿನ ಅವನು ಇಂಥ ಜೋಡಿಯನ್ನು ಒಂದೇ ಎಂದುಕೊಂಡಿದ್ದ. ಗ್ರೀಸು ಎರಡನ್ನೂ ಅಂಟಿಸಿ ಒಂದು ಮಾಡಿಡುತ್ತಿತ್ತು. ಬಿಚ್ಚುವಾಗ ಒಂದಾಗಿದ್ದವು, ಒರೆಸುವಾಗ ಬೇರೆಯಾಗುತ್ತಿದ್ದವು. ಜೋಡಿಸುವಾಗ ಅವನು ಒಂದನ್ನು ಹಾಕಿ ತೃಪ್ತನಾಗುತ್ತಿದ್ದ, ಇನ್ನೊಂದು ಟವಲಿನ ಮಡಿಕೆಯಲ್ಲಿ ಕೂತು ಅತ್ತೆಯ ಮುಚ್ಚಳಕ್ಕೆ ಕಾಯುತ್ತಿತ್ತು. ನಿನ್ನೆ ಟಿಣ್ ಎನ್ನದೆ ಇದ್ದದ್ದು ಜಾಣತನದಿಂದಲ್ಲ. ಗ್ರೀಸು ಎಷ್ಟಿತ್ತೆಂದರೆ ಅವು ಬೇರೆಯಾಗಲೇ ಇಲ್ಲ.

"ಅಯ್ಯೋ ಮುರುಗಾ" ಎಂದ ಧನಪಾಲ್. ಆಮೇಲೆ ನಕ್ಕ. ಎಷ್ಟು ಜೋರಾಗಿ ನಕ್ಕನೆಂದರೆ ಮೋಹನ್‌ರಾಜ್ ಟೊಪ್ಪಿ ಮೇಲೆತ್ತಿ ನೋಡಿದ. "ಸೇಕರಣ್ಣಾ, ನಾನು ಬಿಡ್ತಿರಲಿಲ್ಲ. ನಾನು ಅಂಟಿಸ್ತಿದ್ದೆ!"

"ಬಿಟ್ರೂ ಅಂಟಿಸಿದ್ರೂ ಬಿಸಿಲು ತೋಪಿಗೆ ಬಂದೈತೆ" ಎಂದ ಸೇಕರ್. ಆದರೆ ಅವನೂ ಕುಕ್ಕರಗಾಲಿನಲ್ಲಿ ಕೂತು ಹತ್ತಿರ ಸರಿದಿದ್ದ.

ಇದೊಂದು ಹೀಗಿದ್ದರೆ ಮಿಕ್ಕವು? ಧನಪಾಲ್ ಟವಲಿನ ಮೇಲಿದ್ದ ಪ್ರತಿಯೊಂದು ಭಾಗವನ್ನೂ ಪೆಟ್ರೋಲಿಗೆ ಅದ್ದಿ ತೆಗೆದ. ಇನ್ನೊಂದು ಜೋಡಿ ಬಿಟ್ಟುಕೊಂಡಿತು. ಈಗ ಅವನು ಎಂದೂ ಮಾಡದ ಒಂದು ಕೆಲಸ ಮಾಡಿದ. ರಾಶಿ ಹಾಕದೆ, ಬಾಳೆಎಲೆಗೆ ಬಡಿಸುವ ಹಾಗೆ ಒಂದೊಂದಕ್ಕೂ ಒಂದು ಜಾಗ ಕೊಟ್ಟ. ಟವಲಿನ ಎಡ ತುದಿಯಲ್ಲಿ, ಉಪ್ಪು ಇಡುವ ಕಡೆ, ಮೊದಲು ಬಿಚ್ಚಿದ್ದು. ಅದರ ಪಕ್ಕಕ್ಕೆ ಎರಡನೆಯದು. ಹಾಗೇ ಸಾಲಾಗಿ ಕೊನೆಯದು ಬಲ ತುದಿಗೆ, ಪಾಯಸದ ಕಡೆ. ಜೋಡಿಸುವಾಗ ಪಾಯಸದಿಂದ ಉಪ್ಪಿನ ಕಡೆಗೆ ಬಂದರಾಯಿತು.

"ಇವನು ರಿಪೇರಿ ಮಾಡ್ತಾನಾ, ಊಟಕ್ಕೆ ಕೂತಿದಾನಾ?" ಎಂದ ಬಲೆಯವನೊಬ್ಬ.

"ಸುಮ್ನಿರ್ಡಾ" ಎಂದಳು ಚೆಲ್ಲಮ್ಮಾಳ್. "ಎಲೆ ಸರಿಯಾಗೈತೆ."

ಪೆಟ್ರೋಲು ಆರುವವರೆಗೆ ಊದಿದ. ಒನ್‌ವೇ ಬೇರಿಂಗು ಈಗ ತೊಳೆದ ಪಾತ್ರೆಯಂತೆ ಮಿನುಗುತ್ತಿತ್ತು. ತೀರಾ ಒಣಗಿದರೆ ತುಕ್ಕು. ಅದಕ್ಕೆ ಬೇಕಾದ್ದು ಗ್ರೀಸಲ್ಲ, ತೆಳ್ಳನೆಯ ಎಣ್ಣೆ, ಅದೂ ಹೆಸರಿಗೆ. ಅವನ ಚೀಲದಲ್ಲಿ ಗ್ರೀಸು ಬಿಟ್ಟರೆ ಬೇರೇನಿರಲಿಲ್ಲ. ಅತ್ತೆಯ ಚೀಲದಲ್ಲಿ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಸೀಸೆ ಇತ್ತು. ಅವಳ ರೀಲು ಓಡುತ್ತಿದ್ದುದೇ ಅದರ ಮೇಲೆ. ಕಾನೂನಿನ ಪ್ರಕಾರ ಕೇಳಿದರೆ ಕೊಡಬಹುದು. ಆದರೆ ಟವಲಿನ ಮುಂದೆ ಕೂತು ಈವರೆಗೆ ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ. ಅಷ್ಟು ಸ್ವಾಭಿಮಾನವನ್ನು ಅವನು ಸೋಲಿನ ಜೊತೆಗೆ ಉಚಿತವಾಗಿ ಇಟ್ಟುಕೊಂಡಿದ್ದ.

"ಅತ್ತೆ, ಒಂದು ತೊಟ್ಟು ಎಣ್ಣೆ."

"ಎಷ್ಟು?"

"ಒಂದೇ ತೊಟ್ಟು."

"ನೀನಾ? ಒಂದೇ ತೊಟ್ಟಾ?" ಅವಳು ಸುತ್ತ ನಿಂತವರನ್ನೆಲ್ಲ ಸಾಕ್ಷಿಗೆ ಕರೆಯುವಂತೆ ನೋಡಿ, ಸೀಸೆಯನ್ನು ಬಗ್ಗಿಸಿ, ಒಂದೇ ತೊಟ್ಟು ಬಿಟ್ಟಳು.

ಪಾಯಸದಿಂದ ಶುರುಮಾಡಿದ. ತೆಳ್ಳನೆಯ ವಾಷರು, ಅದರ ಮೇಲೆ ದಪ್ಪನೆಯದು, ಬೇರಿಂಗು, ಟೊಪ್ಪಿ, ನಟ್ಟು. ಟವಲಿನ ಮೇಲೆ ಒಂದೊಂದೇ ಜಾಗ ಖಾಲಿಯಾಗುತ್ತ ಎಡಕ್ಕೆ ಬಂತು. ಕೊನೆಗೆ ಉಪ್ಪಿನ ಜಾಗದಲ್ಲಿದ್ದ ಪುಟ್ಟ ಸ್ಕ್ರೂ ಕೂಡ ಮನೆ ಸೇರಿತು. ಹ್ಯಾಂಡಲು ಮುಂದಕ್ಕೆ ತಿರುಗಿಸಿದ, ಓಡಿತು. ಹಿಂದಕ್ಕೆ ಒತ್ತಿದ, ಗೋಡೆ.

ಚೆಲ್ಲಮ್ಮಾಳ್ ಟವಲಿನ ನಾಲ್ಕು ಮೂಲೆ ಹಿಡಿದೆತ್ತಿದಳು. ಸ್ಟೀಲ್ ಮುಚ್ಚಳವನ್ನು ಅಳಗರ್‌ನ ಕೈಗೇ ಕೊಟ್ಟಳು, "ಹಿಡ್ಕೋ, ನಾಳೆ ನಾನು ಸುಳ್ಳು ಹೇಳ್ದೆ ಅಂತ ಆಗಬಾರದು." ಕೊಡವಿದಳು. ಮಣ್ಣು ಬಿತ್ತು. ಒಂದು ಹುಲ್ಲಿನ ಕಡ್ಡಿ ಬಿತ್ತು. ಅವಳು ತಿರುವಿ ಇನ್ನೊಮ್ಮೆ ಕ್ರೂರವಾಗಿ ಕೊಡವಿದಳು, ಮೂಲೆಗಳನ್ನು ಹಿಂಡಿದಳು. ಪಣಿಯಾರದ ಒಂದು ಚೂರು ಬಿತ್ತು.

ಟಿಣ್ ಎನ್ನಲಿಲ್ಲ.

"ಇಲ್ಲ" ಎಂದ ಅಳಗರ್, ಮುಚ್ಚಳವನ್ನು ಕಿವಿಗೆ ಹಿಡಿದು ನೋಡಿ, ತೀರ್ಪು ಕೊಡುವವನ ಗತ್ತಿನಲ್ಲಿ.

"ಅರ್ಧ ಆಯ್ತು" ಎಂದ ಸೇಕರ್. "ಮೀನೆಲ್ಲಿ?"

ಬಿಸಿಲು ತೋಪು ದಾಟಿ ದಂಡೆಯ ಆ ತುದಿಗೆ ಬಂದಿತ್ತು. ತೂಬಿನ ಕಲ್ಲಿಗೆ ಇನ್ನು ಒಂದು ತೆಂಗಿನ ಮರದ ನೆರಳಷ್ಟೇ ಅಡ್ಡ. ಬಲೆಯವರು ಕಂಬಳಿ ಕಳಚಿ ಪಂಚೆ ಕಟ್ಟುತ್ತಿದ್ದರು. ಧನಪಾಲ್ ತೂಬಿನ ಪಕ್ಕದ ಜೊಂಡಿನತ್ತ ಒಂದು ಬೀಸು ಬೀಸಿದ. ಖಾಲಿ ಬಂತು. ಇನ್ನೊಂದು. ಖಾಲಿ. ಮೂರನೆಯದಕ್ಕೆ ಕಪ್ಪೆ ಜೊಂಡಿನ ನಡುವಿನ ಒಂದು ಸಣ್ಣ ಕಂಡಿಯಲ್ಲಿ, ಬಾವಿಗೆ ಕೊಡ ಇಳಿದಂತೆ, ಸದ್ದಿಲ್ಲದೆ ಕೂತಿತು. ಅವನು ಅದನ್ನು ಎಳೆಯಲಿಲ್ಲ. ಕೋಲಿನ ತುದಿಯನ್ನು ಒಮ್ಮೆ ಮಿಡಿದ, ಅಷ್ಟೇ.

ನೀರು ಒಡೆಯಿತು.

ಜಗ್ಗಿದ. ಹ್ಯಾಂಡಲು ಹಿಂದಕ್ಕೆ ಕೂದಲೆಳೆಯಷ್ಟೂ ಕದಲಲಿಲ್ಲ. ಕೊಕ್ಕೆ ಕಚ್ಚಿದ್ದು ಮೊಣಕೈಯವರೆಗೂ ತಿಳಿಯಿತು. ಮೀನು ಜೊಂಡಿನ ಬುಡಕ್ಕೆ ನುಗ್ಗಿತು, ರೀಲು ಜೀರುಂಡೆಯಂತೆ ಹಾಡುತ್ತ ದಾರ ಬಿಟ್ಟುಕೊಟ್ಟಿತು, ಬೇಕಾದಷ್ಟೇ.

"ಬಿಡ್ಬೇಡ್ರಾ, ಬಿಡ್ಬೇಡ!" ಎಂದು ಕೂಗಿದವನು ಅಳಗರ್, ಅದು ತನ್ನ ಗುತ್ತಿಗೆಯ ಮೀನು ಎಂಬುದನ್ನೇ ಮರೆತಿದ್ದ.

"ಇಳ್ಸು ಕೋಲು! ಪಕ್ಕಕ್ಕೆ, ಪಕ್ಕಕ್ಕೆ ಎಳಿ!" ಎಂದ ಮೋಹನ್‌ರಾಜ್, ಹೊಸ ರೀಲಿನ ಕೋಲನ್ನು ಹುಲ್ಲಿಗೆಸೆದು.

ಧನಪಾಲನಿಗೆ ಅದ್ಯಾವುದೂ ಕೇಳಿಸುತ್ತಿರಲಿಲ್ಲ. ಅವನ ಕಿವಿ ರೀಲಿನೊಳಗಿತ್ತು. ಈಗ ಆ ಉರುಳೆಗಳು ಸಂದಿಗೆ ಸಿಕ್ಕಿಕೊಂಡು ಹಿಡಿದಿವೆ, ಈಗ ತೆಳ್ಳನೆಯ ವಾಷರು ತನ್ನ ಅಣ್ಣನ ಕೆಳಗೆ ಸರಿಯಾಗಿ ಕೂತಿದೆ, ಈಗ ಚಕ್ರ ತಿರುಗುತ್ತಿದೆ: ಗೋಡೆಯಾಚೆಗೆ ನಡೆಯುವುದನ್ನು ಮನೆಯವನು ಬಲ್ಲ ಹಾಗೆ ಒಂದೊಂದೂ ಅವನಿಗೆ ಗೊತ್ತಾಗುತ್ತಿತ್ತು. ಮೀನು ಎಳೆದಾಗ ಬಿಟ್ಟ, ದಣಿದಾಗ ಸುತ್ತಿದ. ಕೊನೆಗೆ ಜೊಂಡಿನ ಒಂದು ದೊಡ್ಡ ಕಂತೆಯ ಸಮೇತ ಅದು ದಂಡೆಯ ಕೆಸರಿಗೆ ಜಾರಿಬಂತು. ಚೆಲ್ಲಮ್ಮಾಳ್ ಸೀರೆ ನೆನೆಯುವುದನ್ನೂ ನೋಡದೆ ಇಳಿದು ಟಿಣ್ ಎನ್ನದ ಅದೇ ಟವಲನ್ನು ಅದರ ಮೇಲೆ ಹಾಕಿ ಎರಡೂ ಕೈಯಿಂದ ಬಾಚಿ ಎತ್ತಿಕೊಂಡಳು. ತಲೆ ಅವಳ ಭುಜದ ಮೇಲಿತ್ತು, ಬಾಲ ಮೊಣಕೈ ದಾಟಿ ಬಡಿಯುತ್ತಿತ್ತು. ತೊಟ್ಟಿಲಿಗೆ ಹಾಕಲು ಒಯ್ಯುವ ಕೂಸಿನಂತೆ ಅವಳು ಅದನ್ನು ಹಿಡಿದು ನಿಂತಾಗ ತೂಬಿನ ಕಲ್ಲಿಗೆ ಬಿಸಿಲು ಬಂತು.

ಬಲೆಯವರು ಸಿಳ್ಳೆ ಹೊಡೆದರು. ಮೋಹನ್‌ರಾಜ್ ಧನಪಾಲನ ರೀಲನ್ನು ಕೇಳಿ ಇಸಿದುಕೊಂಡು, ಹ್ಯಾಂಡಲನ್ನು ಹಿಂದಕ್ಕೆ ಒತ್ತಿ ನೋಡಿ, ಅದು ಕದಲದ್ದಕ್ಕೆ ಸ್ವಲ್ಪ ಬೇಸರಪಟ್ಟು, "ನನ್ ಮನೇಲಿ ಒಂದಷ್ಟು ಬಿದ್ದಿವೆ. ನೋಡ್ತೀಯಾ?" ಎಂದ.

ಸೇಕರ್ ಮೀನನ್ನು ನೋಡಲಿಲ್ಲ. ಧನಪಾಲನ ಕೈ ಹಿಡಿದು ಉಗುರಿನ ಸಂದಿಯ ಕಪ್ಪನ್ನು ನೋಡಿದ. "ನಾಳೆ ಆ ಬಿಳೀದು ಹಾಕ್ಕಂಡು ಬರಬೇಡ" ಎಂದ. "ಕಾಕಿ ಶರ್ಟು ದೊಡ್ಡದೇ ಇರೋದು. ಕೈ ಮಡಚ್ಕೋ."

ಮನೆಯಲ್ಲಿ ಅಮ್ಮ ಇಡೀ ಸಂಜೆ ಮೀನಿನ ಕುಳಂಬು ಕುದಿಸುತ್ತ ಬೈದಳು. ಏಸಿ ಹೋಯಿತು, ಕಾಲರು ಹೋಯಿತು, ಬೀದಿಯವರಿಗೆ ಇನ್ನು ಏನು ಹೇಳುವುದು ಎಂದಳು. ಎರಡನೆಯ ಸಲ ಬಡಿಸುವಾಗ ಬೀದಿಯವರಿಗೆ ಈ ಮೀನಿನ ಉದ್ದವನ್ನು ಹೇಳುವುದೆಂದು ತೀರ್ಮಾನಿಸಿ, ಹೇಳುವಾಗ ಒಂದು ಗೇಣು ಸೇರಿಸಿಯೂ ಬಿಟ್ಟಳು.

ಸೋಮವಾರ ಬೆಳಿಗ್ಗೆ ಆ ಬೆಂಚಿಗೆ ಬಂದ ಮೊದಲ ಗಾಡಿ ಒಂದು ಹಳೆಯ ಮೊಪೆಡ್ಡು. ಹಿಂದೆ ಪಣಿಯಾರದ ಹಿಟ್ಟಿನ ಡಬ್ಬ ಕಟ್ಟುವ ಹಗ್ಗ ಇನ್ನೂ ನೇತಾಡುತ್ತಿತ್ತು. ಚೆಲ್ಲಮ್ಮಾಳ್ ಕೌಂಟರಿನವರನ್ನೆಲ್ಲ ದಾಟಿ ನೇರ ವರ್ಕ್‌ಶಾಪಿಗೇ ಬಂದಿದ್ದಳು, ಕಂಕುಳಲ್ಲಿ ಮಡಚಿದ ಟವಲು, ಕೈಯಲ್ಲಿ ಸ್ಟೀಲ್ ಮುಚ್ಚಳ.

"ಬ್ರೇಕು ಹಿಡೀತಿಲ್ಲ" ಎಂದಳು. "ಬಿಚ್ಚು. ನಾನು ಇಲ್ಲೇ ನಿಂತಿರ್ತೀನಿ."

ದೊಗಳೆ ಕಾಕಿ ಶರ್ಟಿನ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿಕೊಂಡು ಧನಪಾಲ್ ನೆಲಕ್ಕೆ ಟವಲು ಹಾಸಿದ. ಬಿಚ್ಚಿದ ಮೊದಲ ಸ್ಕ್ರೂವನ್ನು ಎಡ ತುದಿಯಲ್ಲಿ ಇಟ್ಟ, ಉಪ್ಪಿನ ಜಾಗದಲ್ಲಿ. ಗಾಜಿನಾಚೆಯಿಂದ ಯಾರೋ ಹೊಸಬನ ದನಿ ಕೇಳುತ್ತಿತ್ತು, ಸಾಯಂಗಾಲ ರೆಡಿ ಆಯ್ಡುಂ ಸರ್ ಎಂದು.

ಮೊಪೆಡ್ಡು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ರೆಡಿಯಾಯಿತು. ಅತ್ತೆ ಟವಲು ಕೊಡವಿದಳು. ವರ್ಕ್‌ಶಾಪಿನವರೆಲ್ಲ ಸ್ಪ್ಯಾನರು ನಿಲ್ಲಿಸಿ ಕಿವಿಗೊಟ್ಟರು. ಅವಳು ಖಾಲಿ ಮುಚ್ಚಳವನ್ನು ಎಲ್ಲರಿಗೂ ತೋರಿಸಿ, ಗಾಡಿ ಹತ್ತಿ, ಗೇಟಿನ ಬಳಿ ಬೇಕೆಂದೇ ಒಮ್ಮೆ ಜೋರಾಗಿ ಬ್ರೇಕು ಹಿಡಿದು ನಿಂತು, ಹಿಂದೆ ತಿರುಗಿ ನೋಡದೆ ಹೋದಳು.